ಅಮ್ಮನ ಮಂಡಿನೋವು ಮತ್ತು ಕಡಲ ತೀರದ ಆಯುರ್ವೇದ ರೆಸಾರ್ಟ್: ಹೋಗಿ ಬಂದವರ ಮಾತು

ಕೇಳಿದವರು, ಬೆಂಗಳೂರಿನಿಂದ

ಅಮ್ಮನಿಗೆ 68 ವರ್ಷ. ಎರಡೂ ಮಂಡಿ ನೋವು. ಬಿಪಿ ಮಾತ್ರೆ ತಗೊಳ್ತಾರೆ. ಅಪ್ಪ ಹೋದ ಮೇಲೆ ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ದಿನ ಕಡಲ ತೀರದ ಯಾವುದಾದರೂ ಸ್ಪಾ ರೆಸಾರ್ಟ್‌ಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಗೋಕರ್ಣ, ಉಡುಪಿ ಕಡೆ, ಬೇಕಲ, ಕೋವಳಂ, ನಾಲ್ಕೂ ಮನಸ್ಸಿನಲ್ಲಿವೆ. ಎಣ್ಣೆ ಚಿಕಿತ್ಸೆಯಿಂದ ಮಂಡಿಗೆ ನಿಜವಾಗಿ ಏನಾದರೂ ಆಗುತ್ತಾ? ಅಷ್ಟು ದುಡ್ಡು ಕೊಡಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಜಯನಗರದವರು

ನಾನು ನಮ್ಮ ಅತ್ತೆಯನ್ನು ಗೋಕರ್ಣದ ಹತ್ತಿರ ಇಂಥದ್ದೇ ಒಂದು ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. ಅವರಿಗೂ ಮಂಡಿಯದ್ದೇ ತೊಂದರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದಾಗಿ, ನಾಲ್ಕು ದಿನದಲ್ಲಿ ಚಿಕಿತ್ಸೆ ಆಗುವುದಿಲ್ಲ. ಪಂಚಕರ್ಮಕ್ಕೆ, ಅಂದರೆ ಮೈ ಶುದ್ಧಿ ಮಾಡುವ ಆಯುರ್ವೇದದ ಪೂರ್ಣ ಚಿಕಿತ್ಸೆಗೆ, ಕಡಿಮೆ ಅಂದರೂ ಒಂದು ವಾರ ಬೇಕು. ಸರಿಯಾಗಿ ಮಾಡುವವರು ಎರಡು ಮೂರು ವಾರ ಕೇಳುತ್ತಾರೆ. 'ವೀಕೆಂಡ್ ಪಂಚಕರ್ಮ' ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಹೋಗಬೇಡಿ. ನಾಲ್ಕು ದಿನದಲ್ಲಿ ಸಿಗುವುದು ಒಳ್ಳೆಯ ಎಣ್ಣೆ ಮಾಲೀಸು, ಬಿಸಿ ಶಾಖ, ಹದವಾದ ಊಟ, ಗಾಢ ನಿದ್ದೆ. ವಯಸ್ಸಾದವರಿಗೆ ಇಷ್ಟು ಸಿಕ್ಕರೂ ದೊಡ್ಡದೇ.

ಹೋದ ದಿನ ವೈದ್ಯರು ಅತ್ತೆಯನ್ನು ಕೂರಿಸಿಕೊಂಡು ಮಾತಾಡಿದರು. ಬಿಪಿ ನೋಡಿದರು. ಯಾವ ಮಾತ್ರೆ, ಎಷ್ಟು ವರ್ಷದಿಂದ, ನಿದ್ದೆ ಹೇಗೆ, ಹೊಟ್ಟೆ ಹೇಗೆ, ಎಲ್ಲ ಕೇಳಿದರು. ಹಬೆ ಪೆಟ್ಟಿಗೆಯಲ್ಲಿ ಕೂರುವುದು ಬೇಡ ಅಂತ ಅವರೇ ತೆಗೆದರು. ಬದಲಿಗೆ ಜಾನುಬಸ್ತಿ ಬರೆದರು. ಉದ್ದಿನ ಹಿಟ್ಟು ಕಲಸಿ ಮಂಡಿಯ ಸುತ್ತ ಕಟ್ಟೆ ಕಟ್ಟುತ್ತಾರೆ. ಅದರೊಳಗೆ ಬೆಚ್ಚಗಿನ ಎಣ್ಣೆ ತುಂಬಿಸುತ್ತಾರೆ. ಆರಿದ ಎಣ್ಣೆಯನ್ನು ಹತ್ತಿಯಿಂದ ತೆಗೆದು ಮತ್ತೆ ಬೆಚ್ಚಗಿನದನ್ನು ಹಾಕುತ್ತಾರೆ. ಅರ್ಧ ಗಂಟೆ ಹೀಗೇ. ಅತ್ತೆ ಮಲಗಿದ್ದವರು ಅಲ್ಲೇ ನಿದ್ದೆ ಹೋದರು. ಚಿಕಿತ್ಸೆ ಮಾಡಿದ ಹೆಣ್ಣುಮಗಳು 'ಬಿಸಿ ಜಾಸ್ತಿ ಆಯ್ತಾ ಅಮ್ಮಾ?' ಅಂತ ಮತ್ತೆ ಮತ್ತೆ ಕೇಳುತ್ತಿದ್ದಳಂತೆ. ಅತ್ತೆ ಇವತ್ತಿಗೂ ಹೇಳುವುದು ಆ ಹುಡುಗಿಯ ಕೈಗುಣದ ಬಗ್ಗೆಯೇ. ಈಜುಕೊಳ, ಸಮುದ್ರ ಯಾವುದೂ ಅವರ ಮಾತಿನಲ್ಲಿ ಬರುವುದಿಲ್ಲ.

ನೋವು ಪೂರ್ತಿ ಹೋಯಿತಾ? ಇಲ್ಲ. ಬೆಳಿಗ್ಗೆ ಏಳುವಾಗಿನ ಬಿಗಿತ ಕೆಲವು ವಾರ ಕಡಿಮೆ ಇತ್ತು, ಆಮೇಲೆ ಮತ್ತೆ ಬಂತು. ಸವೆದ ಕೀಲು ಎಣ್ಣೆಯಿಂದ ಬೆಳೆಯುವುದಿಲ್ಲ. ನಿಮ್ಮ ಮೂಳೆ ಡಾಕ್ಟರು ಹೇಳಿದ ವ್ಯಾಯಾಮ, ಮಾತ್ರೆ ಯಾವುದನ್ನೂ ನಿಲ್ಲಿಸಬೇಡಿ. ಬಿಪಿ ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬೇಡಿ.

ಹಾಗಾಗಿ ರೂಮು ಹಿಡಿಯುವ ಮುಂಚೆ ಫೋನ್ ಮಾಡಿ, ವೈದ್ಯರ ಜೊತೆ ಮಾತಾಡಬೇಕು ಅಂತ ಕೇಳಿ. ಅವರು ಬಿಎಎಂಎಸ್, ಅಂದರೆ ಆಯುರ್ವೇದ ವೈದ್ಯ ಪದವಿ ಓದಿದವರಾ, ಅಲ್ಲೇ ಇರುತ್ತಾರಾ ಅಥವಾ ವಾರಕ್ಕೊಮ್ಮೆ ಬಂದು ಹೋಗುತ್ತಾರಾ ಅಂತ ತಿಳಿದುಕೊಳ್ಳಿ. ಫೋನಿನಲ್ಲಿ ವೈದ್ಯರನ್ನು ಕೊಡಲು ಹಿಂದೆ ಮುಂದೆ ನೋಡುವ ಜಾಗ ನಿಮ್ಮ ಅಮ್ಮನಿಗೆ ಬೇಡ.

ಕುಂದಾಪುರದವರು

ಮೇಲೆ ಹೇಳಿದ್ದು ಸರಿಯಾಗಿದೆ. ನಾನು ಊರಿನವಳಾಗಿ ಜಾಗದ ಬಗ್ಗೆ ಹೇಳುತ್ತೇನೆ.

ಗೋಕರ್ಣ ಚೆಂದ, ಆದರೆ ಮಂಡಿನೋವಿನವರಿಗೆ ಯೋಚಿಸಬೇಕಾದ ಊರು. ಓಂ ಬೀಚಿಗೂ ಕುಡ್ಲೆ ಬೀಚಿಗೂ ಮೆಟ್ಟಿಲು ಇಳಿಯಬೇಕು. ಇಳಿದದ್ದನ್ನು ಮತ್ತೆ ಹತ್ತಬೇಕು. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ರೆಸಾರ್ಟ್‌ಗಳಲ್ಲಿ ರೂಮಿನಿಂದ ಊಟದ ಮನೆಗೆ ಹೋಗುವುದೇ ಒಂದು ಕೆಲಸ. ಬಗ್ಗಿ ಗಾಡಿ ಇದೆಯಾ, ರೂಮಿನ ಬಾಗಿಲವರೆಗೆ ಬರುತ್ತದಾ ಅಂತ ಕೇಳಲೇಬೇಕು.

ಉಡುಪಿ, ಕುಂದಾಪುರದ ಕಡೆ ನೆಲ ಸಮತಟ್ಟು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಕಾರಿನಲ್ಲಿ ಕೂತೇ ಎರಡನ್ನೂ ನೋಡಬಹುದು. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಅಲ್ಲಿ ನಡೆಯುವ ದಾರಿ, ಶೌಚಾಲಯ, ಕಾವಲುಗಾರರು ಎಲ್ಲ ಇದ್ದಾರೆ. ಹಿರಿಯರನ್ನು ಕರೆದುಕೊಂಡು ಹೋಗಲು ನಾನು ಇವೆರಡನ್ನೇ ಹೇಳುವುದು. ಇಷ್ಟು ಒಳ್ಳೆಯ ಕರಾವಳಿ ನಮ್ಮದೇ ರಾಜ್ಯದಲ್ಲಿದೆ, ಆದರೂ ಜನ ನೇರವಾಗಿ ಗೋವಾ ಅಂತಾರೆ. ಅದು ನನಗೆ ಬೇಸರದ ವಿಷಯ.

ಡಿಸೆಂಬರ್ ಒಳ್ಳೆಯ ಸಮಯ. ಸಮುದ್ರ ಶಾಂತವಾಗಿರುತ್ತದೆ. ಜೂನ್, ಜುಲೈನಲ್ಲಿ ಬಂದವರು ಮೀನು ಸಿಗಲಿಲ್ಲ ಅಂತ ಗೊಣಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಅದಕ್ಕೇ.

ಸಮುದ್ರಕ್ಕೆ ಮುಖ ಮಾಡಿದ ರೂಮು ಬೇಕೇ ಬೇಕು ಅಂತ ಹಠ ಬೇಡ. ರಾತ್ರಿಯಿಡೀ ಅಲೆಯ ಸದ್ದು. ನಮಗೆ ಅದು ಜೋಗುಳ, ಅಭ್ಯಾಸ ಇಲ್ಲದ ಹಿರಿಯರಿಗೆ ಎರಡು ರಾತ್ರಿ ನಿದ್ದೆ ಬರುವುದಿಲ್ಲ. ತೋಟದ ಕಡೆಯ ರೂಮಿಗೆ ಬಾಡಿಗೆ ಕಡಿಮೆ. ಹೆಚ್ಚಾಗಿ ಊಟದ ಮನೆಗೂ ಚಿಕಿತ್ಸೆಯ ಕೋಣೆಗೂ ಅದೇ ಹತ್ತಿರ.

ಶಿವಮೊಗ್ಗದವರು

ಒಂದೇ ಮಾತು: ಬಚ್ಚಲು ಮನೆ. ನಮ್ಮ ತಂದೆ ಮಾಲೀಸು ಮುಗಿಸಿ ಸ್ನಾನಕ್ಕೆ ಹೋದಾಗ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಪಾದಕ್ಕೆ ಎಣ್ಣೆ, ಕೆಳಗೆ ನುಣುಪಾದ ಗ್ರಾನೈಟ್. ಹಿಡಿದುಕೊಳ್ಳಲು ಕಂಬಿಯಿಲ್ಲ, ಜೊತೆಗೆ ಯಾರೂ ಇರಲಿಲ್ಲ. ದೊಡ್ಡ ರೆಸಾರ್ಟ್, ದೊಡ್ಡ ದರ, ಆದರೆ ಒಂದು ರಬ್ಬರ್ ಚಾಪೆ ಇರಲಿಲ್ಲ. ಬಚ್ಚಲಿನ ಫೋಟೊ ಕಳಿಸಿ ಅಂತ ಮೊದಲೇ ಕೇಳಿ. ಹಿಡಿಕೆ ಇರಬೇಕು, ಕೂತು ಸ್ನಾನ ಮಾಡಲು ಸ್ಟೂಲು ಇರಬೇಕು. ಚಿಕಿತ್ಸೆ ಮುಗಿದ ಮೇಲೆ ಪಾದದ ಎಣ್ಣೆ ಒರೆಸಿಯೇ ಅಮ್ಮನನ್ನು ಎಬ್ಬಿಸಲು ಹೇಳಿ. ರಬ್ಬರ್ ಚಾಪೆ ಮನೆಯಿಂದಲೇ ತಗೊಂಡು ಹೋಗಿ.

ಹಿಂದೆ ರೆಸಾರ್ಟ್ ಒಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡಿದವರು

ದುಡ್ಡಿನ ವಿಷಯ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಜಾಹೀರಾತಿನಲ್ಲಿ ಕಾಣುವುದು ತೆರಿಗೆ ಸೇರಿಸದ ದರ. ರೂಮಿನ ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ 18% ಜಿಎಸ್‌ಟಿ. ಅದರೊಳಗಿದ್ದರೆ 2025ರ ಸೆಪ್ಟೆಂಬರ್ 22ರಿಂದ 5% ಅಷ್ಟೇ. ಅಂದರೆ 7,400ರ ರೂಮಿಗೂ 7,800ರ ರೂಮಿಗೂ ನಿಜವಾದ ಅಂತರ 400 ರೂಪಾಯಿ ಅಲ್ಲ. ಮೊದಲನೆಯದು 7,770 ಆಗುತ್ತದೆ, ಎರಡನೆಯದು 9,204. ಹೀಗೆ ಗಡಿಯ ಹತ್ತಿರ ಇರುವ ರೂಮುಗಳನ್ನು ಲೆಕ್ಕ ಹಾಕಿಯೇ ಆರಿಸಿ.

ಡಿಸೆಂಬರ್ ಅಂದಿರಿ. 20ರ ಒಳಗೆ ಹೋಗಿ ಬಂದುಬಿಡಿ. ಆಮೇಲೆ ದರ ಏರುತ್ತದೆ. ಬಹಳ ಕಡೆ 24 ಮತ್ತು 31ರ ರಾತ್ರಿಯ ಔತಣಕ್ಕೆ ಕಡ್ಡಾಯವಾಗಿ ದುಡ್ಡು ಕೊಡಬೇಕು, ಊಟ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಜೋರು ಸಂಗೀತ ಬೇರೆ. ನಿಮ್ಮ ಅಮ್ಮನಿಗೆ ಬೇಕಾಗಿರುವುದು ಅದಲ್ಲ, ಅಲ್ವಾ?

'ಪ್ಯಾಕೇಜ್‌ನಲ್ಲಿ ಸ್ಪಾ ಸೇರಿದೆ' ಅಂದರೆ ಎಷ್ಟು ನಿಮಿಷ, ಯಾವ ಚಿಕಿತ್ಸೆ, ದಿನಕ್ಕೆ ಎಷ್ಟು ಸಲ ಅಂತ ಬರಹದಲ್ಲಿ ತರಿಸಿಕೊಳ್ಳಿ. ಇಡೀ ವಾಸ್ತವ್ಯಕ್ಕೆ ಒಂದೇ ಒಂದು ಅರ್ಧ ಗಂಟೆಯ ತಲೆ ಮಾಲೀಸು ಕೊಟ್ಟು ಅದನ್ನೇ ಪ್ಯಾಕೇಜ್ ಅನ್ನುವವರಿದ್ದಾರೆ.

ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ಇದ್ದರೆ ತೆಗೆಯಿರಿ ಅಂತ ಕೇಳುವ ಹಕ್ಕು ನಿಮಗಿದೆ. ಹೋಟೆಲುಗಳು ಅದನ್ನು ತಾವಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ದುಡ್ಡನ್ನು ಚಿಕಿತ್ಸೆ ಮಾಡಿದವರ ಕೈಗೇ ಕೊಡಿ. ಅವರ ಕೆಲಸ ತುಂಬಾ ಕಷ್ಟದ್ದು. ಇಡೀ ದಿನ ನಿಂತೇ ಇರುತ್ತಾರೆ, ಭುಜ ಬೆನ್ನು ಸೋತುಹೋಗುತ್ತವೆ. ನಾನು ಹತ್ತಿರದಿಂದ ನೋಡಿದ್ದೇನೆ.

ಕಾಸರಗೋಡಿನವರು

ಬೇಕಲದ ಹೆಸರು ಬಂತಲ್ಲ, ಖುಷಿಯಾಯಿತು. ಇಲ್ಲಿ ಕನ್ನಡ ನಡೆಯುತ್ತದೆ. ರೆಸಾರ್ಟ್‌ಗಳಲ್ಲಿ ಕನ್ನಡ, ತುಳು ಬಲ್ಲವರು ಒಬ್ಬರಾದರೂ ಸಿಗುತ್ತಾರೆ. ಅಮ್ಮನಿಗೆ ಎಲ್ಲಿ ನೋವು, ಎಷ್ಟು ನೋವು ಅಂತ ತನ್ನ ಭಾಷೆಯಲ್ಲಿ ಹೇಳುವಂತಾದರೆ ಅರ್ಧ ಧೈರ್ಯ ಬಂದ ಹಾಗೆ. ಬೇಕಲ ಕೋಟೆ ಕಟ್ಟಿಸಿದ್ದೂ ನಮ್ಮ ಕೆಳದಿಯ ಶಿವಪ್ಪ ನಾಯಕ. ಸಂಜೆ ಬಿಸಿಲು ತಗ್ಗಿದ ಮೇಲೆ ಒಮ್ಮೆ ಕರೆದುಕೊಂಡು ಹೋಗಿ. ಎಲ್ಲ ಕಡೆ ಹತ್ತಬೇಕಿಲ್ಲ, ಒಳಗಿನ ಹುಲ್ಲುಹಾಸಿನಲ್ಲಿ ಕೂತರೂ ಕಡಲ ಗಾಳಿ ಬರುತ್ತದೆ.

ಮಂಗಳೂರಿನಿಂದ ಕಾಸರಗೋಡು ಸುಮಾರು 50 ಕಿ.ಮೀ. ಅಲ್ಲಿಂದ ಕೋಟೆಗೆ ಇನ್ನೊಂದು 16. ಬೆಂಗಳೂರಿನಿಂದ ಕಣ್ಣೂರಿನ ಕಡೆಗೆ ಬರುವ ರಾತ್ರಿ ರೈಲು ಕಾಸರಗೋಡಿನಲ್ಲೂ ಕಾಞಂಗಾಡಿನಲ್ಲೂ ನಿಲ್ಲುತ್ತದೆ. ಕೋವಳಂ ತಿರುವನಂತಪುರದ ಪಕ್ಕ. ವಿಮಾನದಲ್ಲಿ ಹೋಗುವುದಾದರೆ ಸರಿ, ರೈಲಿನಲ್ಲಿ ಮಂಡಿನೋವಿನವರಿಗೆ ಅಷ್ಟು ದೂರ ಬೇಡ.

ಕೇರಳದ ಕಡೆ ಬರುವುದಾದರೆ ಒಂದು ಅನುಕೂಲ ಇದೆ. ಇಲ್ಲಿನ ಪ್ರವಾಸೋದ್ಯಮ ಇಲಾಖೆ ಆಯುರ್ವೇದ ಕೇಂದ್ರಗಳನ್ನು ನೋಡಿ ದರ್ಜೆ ಕೊಡುತ್ತದೆ. ಆ ಪತ್ರ ಇದೆಯಾ, ಅವಧಿ ಮುಗಿದಿಲ್ಲ ತಾನೇ ಅಂತ ಕೇಳಿ. ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಚಿಕಿತ್ಸೆ ಮಾಡುವುದು ಇಲ್ಲಿನ ಪದ್ಧತಿ. ಕೀಲುನೋವಿಗೆ ಎಲೆಕಿಳಿ ಬಹಳ ಕಡೆ ಮಾಡುತ್ತಾರೆ. ಔಷಧಿ ಎಲೆಗಳನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಎಣ್ಣೆಯಲ್ಲಿ ಅದ್ದಿ ಕೀಲುಗಳಿಗೆ ಒತ್ತುವುದು. ಹಿತವಾಗಿರುತ್ತದೆ. ಇನ್ನೊಂದು ನವರಕಿಳಿ. ನವರ ಅಕ್ಕಿಯನ್ನು ಹಾಲು, ಕಷಾಯದಲ್ಲಿ ಬೇಯಿಸಿ ಗಂಟು ಕಟ್ಟುತ್ತಾರೆ. ಅದು ಮೈಗೆ ಬಲ ಬರಲಿ ಅಂತ ಮಾಡುವುದು. ಯಾವುದು ಬೇಕು ಅಂತ ವೈದ್ಯರೇ ಹೇಳಲಿ, ಪಟ್ಟಿ ನೋಡಿ ನೀವೇ ಆರಿಸಬೇಡಿ.

ಮುಂದೆ ಎಂದಾದರೂ ಎರಡು ವಾರ ಬಿಡುವು ಸಿಕ್ಕರೆ ಮಳೆಗಾಲದಲ್ಲಿ ಬನ್ನಿ. ಕರ್ಕಾಟಕ ಮಾಸ, ಅಂದರೆ ತುಳುನಾಡಿನ ಆಟಿ ತಿಂಗಳು, ಇಲ್ಲಿ ಚಿಕಿತ್ಸೆಗೆ ಒಳ್ಳೆಯ ಕಾಲ ಅಂತ ಮೊದಲಿನಿಂದ ನಂಬಿಕೆ. ಜನ ಕಡಿಮೆ, ದರವೂ ಕಡಿಮೆ. ಸಮುದ್ರಕ್ಕೆ ಇಳಿಯುವಂತಿಲ್ಲ ಅಷ್ಟೇ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಗೋಕರ್ಣ ಕೈಬಿಟ್ಟೆ. ಇನ್ನೊಂದು ಕೇಳಬೇಕು. ಅಮ್ಮನಿಗೆ ಸಂಕೋಚ ಜಾಸ್ತಿ. ಬೇರೆಯವರ ಮುಂದೆ ಬಟ್ಟೆ ತೆಗೆದು ಮಲಗುವುದು ಅಂದರೆ ಒಪ್ಪುವುದೇ ಇಲ್ಲ. ಒತ್ತಾಯ ಮಾಡಬಹುದಾ?

ಧಾರವಾಡದವರು

ಒತ್ತಾಯ ಮಾಡಬೇಡ ತಂಗಿ. ನಾನು ನಿನ್ನ ಅಮ್ಮನಿಗಿಂತ ದೊಡ್ಡವಳು, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ನನ್ನ ಮಗ ಸೊಸೆ ಕರೆದುಕೊಂಡು ಹೋದಾಗ ನನಗೂ ಹೀಗೇ ಆಗಿತ್ತು. ಯಾರಿಗೂ ಹೇಳಲಿಲ್ಲ, ಒಳಗೊಳಗೇ ಹೆದರಿದ್ದೆ. ಸೊಸೆಗೆ ಅದು ಗೊತ್ತಾಯಿತು. ಮೊದಲ ದಿನ ಬರೀ ಪಾದ, ಮಂಡಿ, ತಲೆಗೆ ಮಾಡಿ ಅಂತ ಅವಳೇ ವೈದ್ಯರಿಗೆ ಹೇಳಿದಳು. ಸೀರೆ ಮಂಡಿಯವರೆಗೆ ಎತ್ತಿಕೊಂಡು ಕೂತೆ, ಅಷ್ಟೇ. ಸೊಸೆ ಪಕ್ಕದಲ್ಲೇ ಕೂತಿದ್ದಳು. ಮರುದಿನ ಬೆನ್ನಿಗೂ ಹಚ್ಚಿ ಅಂತ ನಾನೇ ಕೇಳಿದೆ.

ನಿನ್ನ ಅಮ್ಮನಿಗೆ ಒಳಗೆ ಏನೇನು ಮಾಡುತ್ತಾರೆ ಅಂತ ಮನೆಯಲ್ಲೇ ಬಿಡಿಸಿ ಹೇಳು. ಮೈಮೇಲೆ ಬಟ್ಟೆ ಹೊದಿಸಿರುತ್ತಾರೆ, ಸಾಕು ಅಂದರೆ ನಿಲ್ಲಿಸುತ್ತಾರೆ ಅಂತ ಹೇಳು. ನೀನು ಜೊತೆಗೆ ಕೂರಬಹುದಾ ಅಂತ ರೆಸಾರ್ಟಿನವರನ್ನು ಮೊದಲೇ ಕೇಳಿಕೋ. ಹಳೆಯ ಎರಡು ನೈಟಿ ತಗೊಂಡು ಹೋಗು, ಎಣ್ಣೆ ಕಲೆ ಹೋಗುವುದಿಲ್ಲ. ಎಣ್ಣೆ ಹಚ್ಚಿಸಿಕೊಂಡ ದಿನ ಎಸಿ ಕೆಳಗೆ ಮಲಗಿಸಬೇಡ.

ಅಪ್ಪ ಹೋದ ಮೇಲೆ ಎಲ್ಲೂ ಹೋಗಿಲ್ಲ ಅಂದೆಯಲ್ಲ, ಅದನ್ನು ಓದಿ ಮನಸ್ಸು ಕಲಕಿತು. ನಮ್ಮವರು ಹೋದ ಮೇಲೆ ನನ್ನ ಕೈ ಹಿಡಿದು ಯಾರಾದರೂ ಸಮಾಧಾನವಾಗಿ ಕೂತಿದ್ದೇ ಕಡಿಮೆ. ಆ ಹುಡುಗಿ ಪಾದ ತಿಕ್ಕುವಾಗ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ನಿನ್ನ ಅಮ್ಮನೂ ಅತ್ತರೆ ಗಾಬರಿ ಆಗಬೇಡ, ಸುಮ್ನೆ ಪಕ್ಕದಲ್ಲಿ ಕೂತಿರು. ದಿನಕ್ಕೆ ಒಂದೇ ಚಿಕಿತ್ಸೆ ಸಾಕು. ಉಳಿದ ಹೊತ್ತು ಇಬ್ಬರೂ ಕೂತು ಮಾತಾಡಿ. ದುಡ್ಡು ಕೊಡಬಹುದಾ ಅಂತ ಕೇಳಿದ್ದೀ. ಕೊಡು.

ಜಯನಗರದವರು

ಅಜ್ಜಿ ಹೇಳಿದ ಮೇಲೆ ನಾನು ಸೇರಿಸುವುದು ಒಂದೇ. ಬೇಕಲಕ್ಕೆ ಹೋಗುವುದಾದರೆ ರೈಲು ಬೆಳಿಗ್ಗೆಯೇ ಮುಟ್ಟುತ್ತದೆ, ರೂಮು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೆ. ಅಷ್ಟು ಹೊತ್ತು ಅಮ್ಮನನ್ನು ಸೋಫಾದ ಮೇಲೆ ಕೂರಿಸಬೇಡಿ. ಬೇಗ ರೂಮು ಕೊಡುತ್ತೀರಾ, ಅದಕ್ಕೆ ಎಷ್ಟು ಅಂತ ಈಗಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ. ಕೆಳಗಿನ ಬರ್ತ್ ಹಿರಿಯ ನಾಗರಿಕರ ಕೋಟಾದಲ್ಲಿ ಸಿಗಬಹುದು, ಟಿಕೆಟ್ ಮಾಡುವಾಗ ಅಮ್ಮನ ವಯಸ್ಸು ಸರಿಯಾಗಿ ಹಾಕಿ.