ಅಮ್ಮನನ್ನು ಮಂಗಳೂರು ಸೆಂಟ್ರಲ್‌ನಲ್ಲಿ ಇಳಿಸುವುದಾ, ಜಂಕ್ಷನ್‌ನಲ್ಲಾ? ಅನುಭವ ಇದ್ದವರು ಹೇಳಿ

ಡೊಂಬಿವಲಿ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71 ವರ್ಷ. ಎರಡೂ ಮೊಣಕಾಲಿನ ಆಪರೇಷನ್ ಆಗಿ ಏಳು ತಿಂಗಳಾಯಿತು, ಮೆಟ್ಟಿಲು ಹತ್ತುವುದು ಕಷ್ಟ. ಜುಲೈಯಲ್ಲಿ ಮುಂಬೈಯಿಂದ ಪುತ್ತೂರಿಗೆ ಕರಕೊಂಡು ಬರಬೇಕು. ಮತ್ಸ್ಯಗಂಧ ಆದರೆ ಸೆಂಟ್ರಲ್‌ಗೆ ಬರುತ್ತದೆ, ಸಿಎಸ್‌ಎಂಟಿ ರೈಲು ಹಿಡಿದರೆ ಜಂಕ್ಷನ್‌ನಲ್ಲಿ ಇಳಿಯಬೇಕು. ನಾನು ಊರು ಬಿಟ್ಟು 20 ವರ್ಷ ಆಯಿತು. ವಯಸ್ಸಾದವರಿಗೆ ಯಾವುದು ಸುಲಭ? ಅಲ್ಲಿಂದ ಪುತ್ತೂರಿಗೆ ಕಾರು ಮಾಡುವುದಾ, ಲೋಕಲ್ ರೈಲಾ?

ಅತ್ತಾವರದವ
ಸೆಂಟ್ರಲ್. ಯೋಚನೆಯೇ ಬೇಡ. 1907ರಿಂದ ಇರುವ ಸ್ಟೇಷನ್ ಅದು, ಊರಿನ ನಡುವೆ, ಹಂಪನಕಟ್ಟೆಗೆ ನಡೆದೇ ಹೋಗಬಹುದು. ಮೊದಲು ಮೂರೇ ಪ್ಲಾಟ್‌ಫಾರ್ಮ್ ಇತ್ತು, ಈಗ ಐದು. ನಾನು 2011ರಲ್ಲಿ ಅತ್ತಾವರದಲ್ಲಿ ಫ್ಲ್ಯಾಟ್ ತೆಗೆದುಕೊಂಡದ್ದೇ ಸ್ಟೇಷನ್ ಹತ್ತಿರ ಉಂಟು ಅಂತ. ಆಗ 34 ಲಕ್ಷ, ಪಾರ್ಕಿಂಗ್‌ಗೆ ಬೇರೆ ಒಂದೂವರೆ ಲಕ್ಷ, ತಿಂಗಳ ಕಂತು 31,400. ಅದೇ ದುಡ್ಡಿಗೆ ಕುಲಶೇಖರದ ಕಡೆ ಐದು ಸೆಂಟ್ಸ್ ಜಾಗದಲ್ಲಿ ಮನೆಯೇ ಸಿಗುತ್ತಿತ್ತು ಅಂತ ಹೆಂಡತಿ ಈಗಲೂ ಹೇಳುತ್ತಾಳೆ. ಹೇಳಲಿ. ರಾತ್ರಿ ಹತ್ತೂವರೆಗೆ ರೈಲಿಳಿದು ಹತ್ತೂ ಮುಕ್ಕಾಲಿಗೆ ಮನೆಯಲ್ಲಿ ಊಟಕ್ಕೆ ಕೂತವನು ನಾನು. ಒಂದೇ ಬೇಜಾರು, ಮಗನಿಗೆ ಕೆಲಸ ಸಿಕ್ಕಿದ್ದು ಬೆಂಗಳೂರಲ್ಲಿ. ಅವನಿಗೆ ಹಗಲಿನ ರೈಲೇ ಆಗಬೇಕು, ಅದು ಬರುವುದು ಜಂಕ್ಷನ್‌ಗೆ. ತಿಂಗಳಿಗೆರಡು ಸಲ ಬರುತ್ತಾನೆ, ರಿಕ್ಷಾಕ್ಕೆ ಒಂದು ಸಲಕ್ಕೆ 180ರಿಂದ 200. ಹೋಗಿ ಬರುವುದು ಸೇರಿ ವರ್ಷಕ್ಕೆ 9 ಸಾವಿರ ಹತ್ತಿರ. ಆರು ವರ್ಷದ ಲೆಕ್ಕ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆದರೂ ಸೆಂಟ್ರಲ್ಲೇ ಸರಿ.

ಪಡೀಲ್ ಪಕ್ಕ
ಅಣ್ಣ, ವರ್ಷಕ್ಕೆ 9 ಸಾವಿರ ರಿಕ್ಷಾಕ್ಕೆ ಕೊಟ್ಟು ಸೆಂಟ್ರಲ್ಲೇ ಸರಿ ಅಂತ ಹೇಳುವುದಕ್ಕೂ ಧೈರ್ಯ ಬೇಕು 😄
ಸೆಂಟ್ರಲ್ ಅಂದರೆ ದಾರಿ ಮುಗಿಯುವ ಸ್ಟೇಷನ್. ಕೇರಳದಿಂದ ಕೊಂಕಣದ ಕಡೆ ಹೋಗುವ ರೈಲು ಅಲ್ಲಿಗೆ ಬಂದರೆ ಎಂಜಿನ್ ಆಚೆ ತುದಿಗೆ ಹಾಕಿ ವಾಪಸ್ ಬರಬೇಕು. ಅದಕ್ಕೇ ನೇತ್ರಾವತಿ, ಮಂಗಳಾ, ರಾಜಧಾನಿ ಎಲ್ಲ ಜಂಕ್ಷನ್‌ನಲ್ಲಿ ನಿಲ್ಲುವುದು. ನಾನು 2009ರಲ್ಲಿ ಇಲ್ಲಿ, ಜಂಕ್ಷನ್ ಇರುವ ಪಡೀಲ್‌ನಲ್ಲಿ, ಜಾಗ ತೆಗೆದುಕೊಂಡಾಗ "ಆ ಕಾಡಿಗೆ ಯಾಕೆ ಹೋಗ್ತೀಯ ಮಾರಾಯ" ಅಂತ ನಗಾಡಿದವರು ಈಗ ರೈಲಿಗೆ ಬರುವಾಗ ನನ್ನ ಅಂಗಳದಲ್ಲಿ ಕಾರು ನಿಲ್ಲಿಸಿ ಹೋಗುತ್ತಾರೆ. ನಾಲ್ಕು ದಿನ, ಐದು ದಿನ. ಒಬ್ಬ ಸಂಬಂಧಿಕರು ಹೋದ ದೀಪಾವಳಿಗೆ ಹನ್ನೊಂದು ದಿನ ಇಟ್ಟರು, ಗೇಟ್ ತೆಗೆಯುವ ಹಾಗಿರಲಿಲ್ಲ.

ಕೊಟ್ಟಾರದ ಮಾಸ್ತರು
ಅಕ್ಕ, ಯಾವ ಸ್ಟೇಷನ್ ಆದರೂ ಆಗಲಿ, ಟಿಕೆಟ್‌ನಲ್ಲಿ ಯಾವುದು ಬರೆದಿದೆ ಅಂತ ಎರಡು ಸಲ ನೋಡಿ. 2022ರ ಡಿಸೆಂಬರ್, ಯಶವಂತಪುರದ ಹಗಲಿನ ರೈಲಿಗೆ ವಿಸ್ಟಾಡೋಮ್ ಬೋಗಿಯಲ್ಲಿ, ಅದೇ ದೊಡ್ಡ ಗಾಜಿನ ಕಿಟಕಿಯದ್ದು, ಮೂರು ಸೀಟು ಮಾಡಿಸಿದ್ದೆ. ನಾನು, ಮನೆಯವರು, ನಾದಿನಿ. ಒಂದೊಂದು ಸೀಟಿಗೆ 1,400ರ ಮೇಲೆ ಬಿದ್ದಿತ್ತು. 'ಮಂಗಳೂರು' ಅಂತ ಓದಿದೆ, ಮುಂದಿನದ್ದು ಓದಲಿಲ್ಲ, ಸೀದಾ ಸೆಂಟ್ರಲ್‌ಗೆ ಹೋಗಿ ಕೂತೆವು. ಕೋಡುಬಳೆ ತಿಂದೆವು. ಹೊರಡುವ ಹೊತ್ತಿಗೆ ಇನ್ನು ಇಪ್ಪತ್ತು ನಿಮಿಷ ಇರುವಾಗ ನಾದಿನಿ ಕೇಳಿದಳು, "ಭಾವ, ನಮ್ಮ ರೈಲು ಬೋರ್ಡಿನಲ್ಲಿ ಇಲ್ವಲ್ಲ?"
ರಿಕ್ಷಾದವನು 250 ಕೇಳಿದ, ಕೊಟ್ಟೆ. ಜಂಕ್ಷನ್ ಮುಟ್ಟುವಾಗ ರೈಲಿನ ಬೆನ್ನು ಕಂಡಿತು. ಅಲ್ಲೇ ಒಂದು ಕಾರು ಹಿಡಿದು, ಬಂಟ್ವಾಳದಲ್ಲಿ ತಪ್ಪಿತು, ಕಬಕ ಪುತ್ತೂರಲ್ಲಿ ಎರಡು ನಿಮಿಷದಲ್ಲಿ ತಪ್ಪಿತು, ಕೊನೆಗೆ ನೆಟ್ಟಣದಲ್ಲಿ, ಅದೇ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ, ಸಿಕ್ಕಿತು. ಘಾಟಿ ಹತ್ತಲು ಹಿಂದಿನಿಂದ ತಳ್ಳುವ ಎಂಜಿನ್ ಅಲ್ಲಿ ಸೇರಿಸುತ್ತಾರೆ, ಹಾಗಾಗಿ ರೈಲು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತದೆ, ನಮ್ಮ ಪುಣ್ಯ. ಕಾರಿಗೆ 3,200, ಉಪ್ಪಿನಂಗಡಿಯಲ್ಲಿ ನಾದಿನಿಗೆ ವಾಂತಿ, ಸೀಟ್ ಕವರ್ ತೊಳೆಯಲಿಕ್ಕೆ ಅಂತ 300. ನೋಡುವಂಥದ್ದೆಲ್ಲ ನೆಟ್ಟಣದ ನಂತರವೇ ಇರುವುದರಿಂದ ಏನೂ ನಷ್ಟ ಆಗಲಿಲ್ಲ ಅಂತ ನಾನು ಹೇಳಿದ್ದಕ್ಕೆ ಮನೆಯವರು ಸಕಲೇಶಪುರದವರೆಗೆ ಮಾತಾಡಲಿಲ್ಲ. 57 ಸುರಂಗ, ಒಂದರಲ್ಲೂ ಮಾತಿಲ್ಲ.

ರಾತ್ರಿ ಬಸ್ಸು
ಇಷ್ಟೆಲ್ಲ ರಗಳೆ ಯಾಕೆ? ಬಸ್ಸಿಗೆ ಬನ್ನಿ. ಬಿಜೈಯಲ್ಲಿ ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಮಳೆಗಾಲದಲ್ಲಿ ಆ ಘಾಟಿಯ ರೈಲನ್ನು ನಂಬುವವರು ಯಾರು? 2018ರ ಆಗಸ್ಟಿನಲ್ಲಿ ಗುಡ್ಡ ಕುಸಿಯಿತು, 2024ರ ಜುಲೈಯಲ್ಲಿ ಎಡಕುಮೇರಿ ಹತ್ತಿರ ಮತ್ತೆ ಕುಸಿಯಿತು.

ಡೊಂಬಿವಲಿ ಮಗಳು
ನಾವು ಬರುವುದು ಮುಂಬೈಯಿಂದ ಅಣ್ಣ, ಬೆಂಗಳೂರಿನಿಂದ ಅಲ್ಲ. ಮೆಟ್ಟಿಲಿನ ಬಗ್ಗೆ ಯಾರಾದರೂ ಹೇಳ್ತೀರಾ?

ಮೀಟರ್‌ಗೇಜ್
ಬಸ್ಸಿನವರೇ, ಗುಡ್ಡ ಕುಸಿದರೆ ಶಿರಾಡಿ ರಸ್ತೆ ಮಾತ್ರ ಹಾಗೇ ಇರುತ್ತದಾ? 2018ರಲ್ಲಿ ಅದೂ ಬಂದ್ ಆಗಿರಲಿಲ್ವಾ? ಸುಮ್ನೆ ಮಾತಾಡಬಾರದು. ನಾನು ಹಳೇ ಮೀಟರ್‌ಗೇಜ್ ರೈಲಿನಲ್ಲಿ ಹಾಸನಕ್ಕೆ ಹೋಗಿ ಓದಿದವನು. ಬ್ರಾಡ್‌ಗೇಜ್ ಮಾಡುತ್ತೇವೆ ಅಂತ ಆ ಲೈನ್ ನಿಲ್ಲಿಸಿದ ಮೇಲೆ ಜನ ಹೋಗುವ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನನ್ನ ಮದುವೆ ಆಗಿ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅಷ್ಟು ವರ್ಷ ಬಸ್ಸಿನಲ್ಲೇ ಹೋದೆ, ಸೊಂಟ ಹೋಯಿತು. ಎಂಆರ್‌ಐಗೆ 6,500, ಬೆಲ್ಟಿಗೆ 1,250, ಫಿಸಿಯೋಥೆರಪಿ 12 ದಿನ, ದಿನಕ್ಕೆ 400. ಬಸ್ಸನ್ನು ಹೊಗಳುವವರು ಆ ಬಿಲ್ ಕೊಡಲಿ.

ರಾತ್ರಿ ಬಸ್ಸು
ನಿಮ್ಮ ಸೊಂಟಕ್ಕೆ ನಾನು ಜವಾಬ್ದಾರನಾ?

ಕುಡ್ಲದ ಕೂಗು
ಮೂಲ ಸಮಸ್ಯೆ ಯಾರೂ ಹೇಳುತ್ತಿಲ್ಲ. ಸೆಂಟ್ರಲ್ ಇರುವುದು ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ, ಘಾಟಿ ಲೈನ್ ಮೈಸೂರು ವಿಭಾಗ, ತೋಕೂರು ದಾಟಿದರೆ ಕೊಂಕಣ ರೈಲ್ವೆ. ಒಂದೇ ಊರು, ಮೂರು ಯಜಮಾನರು. ಬೆಂಗಳೂರು–ಕಣ್ಣೂರು ರೈಲನ್ನೂ ಕೋಯಿಕ್ಕೋಡಿಗೆ ಎಳೆಯುವ ಮಾತು 2024ರಲ್ಲಿ ಬಂತು. ಕೇರಳದ ರೈಲುಗಳಿಗೆ ಊರಿನ ನಡುವೆ ಸೆಂಟ್ರಲ್, ನಮಗೆ ಪಡೀಲ್.

ಕಾಸರಗೋಡಿನವ
ಕೇರಳದ ರೈಲು ಅಂತ ಹೇಳುತ್ತೀರಲ್ಲ, ಅದರಲ್ಲಿ ಯಾರು ಬರುವುದು ಅಂತ ಒಂದು ದಿನ ಬೆಳಿಗ್ಗೆ ಬಂದು ನೋಡಿ. ನಾನು 13 ವರ್ಷದಿಂದ ಸೀಸನ್ ಟಿಕೆಟ್‌ನವನು. ಮನೆಯಲ್ಲಿ ಕನ್ನಡ ಮಾತಾಡುವವನು, ಮಕ್ಕಳು ಕನ್ನಡ ಮೀಡಿಯಂ. ನಮ್ಮ ಬೋಗಿಯಲ್ಲಿ ಅರ್ಧಕ್ಕರ್ಧ ಜನ ಮಂಗಳೂರಿನ ಕಾಲೇಜಿಗೆ, ಅಂಗಡಿಗೆ, ಆಸ್ಪತ್ರೆಗೆ ಬರುವವರು. ಎಕ್ಸ್‌ರೇ ಕವರ್ ಹಿಡಕೊಂಡು ನಿಂತೇ ಬರುತ್ತಾರೆ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನನ್ನ ಅಪ್ಪನ ಡಯಾಲಿಸಿಸ್‌ಗೆ ನಾವು ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ಊರನ್ನು 1956ರಲ್ಲಿ ಆಚೆ ಹಾಕಿದರು, ಈಗ ರೈಲಿನಿಂದಲೂ ಇಳಿಸಿಬಿಡಿ.

ಕುಡ್ಲದ ಕೂಗು
ನಿಮ್ಮನ್ನು ಹೇಳಿದ್ದಲ್ಲ ಮಾರಾಯ್ರೆ, ವಿಭಾಗದ ಬಗ್ಗೆ ಹೇಳಿದ್ದು.

ಕಾಸರಗೋಡಿನವ
ಯಾವಾಗಲೂ ಹಾಗೇ ಹೇಳುವುದು.

ಬೋಳೂರು ಚಿಕ್ಕಮ್ಮ
ಮಗಾ, ಇವರ ಜಗಳ ಬಿಡು. ನನಗೂ ಎರಡೂ ಮೊಣಕಾಲು ಆಗಿದೆ. ಬಲಗಾಲಿಗೆ 1 ಲಕ್ಷ 90 ಸಾವಿರ, ಎಡಗಾಲಿಗೆ 2 ಲಕ್ಷ 15. ಎಡಗಾಲೇ ಈಗ ನೋಯುವುದು, ಜಾಸ್ತಿ ಕೊಟ್ಟದ್ದೇ! ಸ್ಟೇಷನ್‌ಗಿಂತ ದೊಡ್ಡ ಕಷ್ಟ ಬೋಗಿಯಿಂದ ಇಳಿಯುವುದು. ನಾನು ಬೆನ್ನು ಹೊರಗೆ ಮಾಡಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ನೋವಿರುವ ಕಾಲನ್ನು ಮೊದಲು ಇಳಿಸುತ್ತೇನೆ. ಕೊನೆಯ ಸ್ಟೇಷನ್‌ನಲ್ಲಿ ಯಾರೂ ಗಡಿಬಿಡಿ ಮಾಡುವುದಿಲ್ಲ, ಎಲ್ಲರೂ ಇಳಿದ ಮೇಲೆ ಇಳಿದರೆ ಆಯಿತು. ನೀನು ಹೇಳಿದ ಎರಡು ರೈಲಿಗೂ ಮಂಗಳೂರೇ ಕೊನೆ, ಹೆದರಬೇಡ. ಜುಲೈಯಲ್ಲಿ ಕೊಂಕಣದ ಮಳೆಗಾಲದ ವೇಳಾಪಟ್ಟಿ, ರೈಲು ನಿಧಾನ, ಕಾರಿನವನಿಗೆ ಆ ಸಮಯ ನೋಡಿ ಹೇಳು. ಕಬಕ ಪುತ್ತೂರಿಗೆ ಲೋಕಲ್ ಉಂಟು, ಆದರೆ ಅದಕ್ಕೆ ಇನ್ನೊಮ್ಮೆ ಹತ್ತಿ ಇಳಿಯಬೇಕಲ್ವಾ, ಕಾರೇ ಮಾಡು. ನನ್ನ ಸೊಸೆ ಇದೊಂದೂ ಕೇಳುವುದಿಲ್ಲ, ಹೋದ ಸಲ ನನ್ನನ್ನು ಫುಟ್ ಓವರ್‌ಬ್ರಿಡ್ಜ್ ಹತ್ತಿಸಿದಳು.

ಅತ್ತಾವರದವ
ಚಿಕ್ಕಮ್ಮ ಹೇಳಿದ್ದೂ ಅದೇ. ಕೊನೆಯ ಸ್ಟೇಷನ್. ಸೆಂಟ್ರಲ್.

ಪಡೀಲ್ ಪಕ್ಕ
ಎರಡಕ್ಕೂ ಅನ್ವಯ ಅಂತ ಅವರು ಹೇಳಿದ್ದು. ಓದುವಾಗ ಕನ್ನಡಕ ಹಾಕಿ ಅಣ್ಣ. ಪುತ್ತೂರಿಗೆ ಹೋಗುವವರು ಊರಿನೊಳಗೆ ಬಂದು ಪಂಪ್‌ವೆಲ್ ಬ್ಲಾಕಿನಲ್ಲಿ ಕೂರುವುದಾ? ಕಂಕನಾಡಿಯಲ್ಲಿ ಇಳಿದರೆ ಪಡೀಲ್‌ನಿಂದ ಸೀದಾ ಬಿ.ಸಿ. ರೋಡ್.

ಕೊಟ್ಟಾರದ ಮಾಸ್ತರು
ಕಂಕನಾಡಿ ಅಂತ ಹೇಳಬೇಡಿ ದಯವಿಟ್ಟು. ಆ ಹೆಸರು ಹೋಗಿ ಮಂಗಳೂರು ಜಂಕ್ಷನ್ ಆಗಿ ಎಷ್ಟೋ ಕಾಲವಾಯಿತು. ನನ್ನ ಷಡ್ಡಕ ರಿಕ್ಷಾದವನಿಗೆ "ಕಂಕನಾಡಿ" ಅಂದ, ಅವನು ಕಂಕನಾಡಿ ಮಾರ್ಕೆಟ್ ಎದುರು ಇಳಿಸಿದ. ಎರಡು ಸೂಟ್‌ಕೇಸ್, ಒಂದು ಹಲಸಿನ ಹಣ್ಣು.

ಪಡೀಲ್ ಪಕ್ಕ
ನಾವು ಇಲ್ಲಿಯವರು, ಕಂಕನಾಡಿ ಅಂತಲೇ ಹೇಳುವುದು. ಬೋರ್ಡು ಬದಲಾಯಿಸಿದರೆ ಬಾಯಿ ಬದಲಾಗುತ್ತದಾ?

ಡೊಂಬಿವಲಿ ಮಗಳು
ಟಿಕೆಟ್ ಮಾಡಿಸಿದೆ. ಚಿಕ್ಕಮ್ಮ, ತುಂಬಾ ಉಪಕಾರ ಆಯಿತು, ಇಳಿಯುವ ಕ್ರಮ ಅಮ್ಮನಿಗೆ ಹೇಳಿಕೊಟ್ಟೆ, ಮನೆಯ ಮೆಟ್ಟಿಲಿನಲ್ಲೇ ಅಭ್ಯಾಸ ಮಾಡುತ್ತಿದ್ದಾರೆ. ಯಾವ ಸ್ಟೇಷನ್‌ಗೆ ಮಾಡಿಸಿದೆ ಅಂತ ಇಲ್ಲಿ ಹೇಳುವುದಿಲ್ಲ.

ಅತ್ತಾವರದವ
ಸೆಂಟ್ರಲ್ ತಾನೇ?