ಸಹಾಯ ಬೇಕು: ಡ್ರೊಸೆರಾ ಜಾಗ ಮತ್ತು ಮ್ಯಾಕ್ರೊ ಬೆಳಕು

ಕಲಘಟಗಿ, ಹಾನಗಲ್ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಡ್ರೊಸೆರಾ (ಎಲೆಯ ಅಂಟುಹನಿಗಳಿಂದ ಹುಳ ಹಿಡಿದು ತಿನ್ನುವ ಗಿಡ) ಕಂಡವರಿದ್ದೀರಾ? ಬೇಕಿರುವುದು ಅದರ ಎರಡು ಜಾತಿ: ನೆಲಕ್ಕಂಟಿದ, ನಾಣ್ಯದಗಲದ ಬರ್ಮಾನಿ; ದಾರದಂಥ ಎಲೆಯ, ನೆಟ್ಟಗೆ ನಿಲ್ಲುವ ಇಂಡಿಕಾ. ಎರೆಹೊಲ ಬಿಡಿ, ಅದು ಇವುಗಳ ಜಾಗವಲ್ಲ. ನೀರು ಜಿನುಗುವ ಜಂಬಿಟ್ಟಿಗೆ ನೆಲ, ಗಿಡ್ಡ ಹುಲ್ಲು. ಅಲ್ಲಿ ಯುಟ್ರಿಕ್ಯುಲೇರಿಯಾದ (ಇದೂ ಹುಳ ತಿನ್ನುವ ಗಿಡವೇ) ನೀಲಿ ಹೂ ಕಂಡರೆ ಬಗ್ಗಿ ನೋಡಿ.

ಫೋಟೊದ್ದೇ ತಲೆನೋವು. 100 ಎಂಎಂ ಮ್ಯಾಕ್ರೊ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್), 1:1 (ಸೆನ್ಸರ್ ಮೇಲೆ ನಿಜಗಾತ್ರ), ಎಫ್/11 ಅಪರ್ಚರ್‌ನಲ್ಲಿ ಫ್ಲ್ಯಾಶ್ ಹೊಡೆದರೆ ಅಂಟುಹನಿಗಳ ತುದಿ ಸುಟ್ಟು ಬೆಳ್ಳಗಾಗುತ್ತದೆ. ಡಿಫ್ಯೂಸರ್ (ಫ್ಲ್ಯಾಶ್ ಬೆಳಕು ಮೃದು ಮಾಡುವ ಹಾಳೆ) ಚಿಕ್ಕದಾದಷ್ಟೂ ಇದು ಜಾಸ್ತಿ. ದೊಡ್ಡದು ಹಾಕಿದರೆ ನೆಲಕ್ಕೆ ತಾಗುತ್ತದೆ. ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಫೋಕಸ್‌ನ ಹಲವು ಫೋಟೊ ಸೇರಿಸಿ ಒಂದು ಮಾಡುವುದು) ಗಾಳಿಗೆ ಕೆಡುತ್ತದೆ, ಇಂಡಿಕಾಗಂತೂ ಆಗದ ಮಾತು. ನೆಲಮಟ್ಟಕ್ಕೆ ಹೊಂದುವ ಡಿಫ್ಯೂಸರ್ ಮಾಡಿಕೊಂಡವರು ಅಳತೆ, ಬಳಸಿದ ಹಾಳೆ ತಿಳಿಸಿ. ನೀರು ಚಿಮುಕಿಸಿ ಅನ್ನಬೇಡಿ, ಅಂಟು ತೆಳುವಾಗುತ್ತದೆ. ಲೊಕೇಶನ್ ಮಾತ್ರ ಇಲ್ಲಿ ಹಾಕದೆ ಇನ್‌ಬಾಕ್ಸ್‌ಗೆ ಕಳಿಸಿ. ಕಿತ್ತು ಕುಂಡಕ್ಕೆ ಹಾಕುವವರೂ ಇದ್ದಾರೆ.