ಭಾನುವಾರದ ಪ್ರಶ್ನೋತ್ತರ: ತೂಕ ಇಳಿಸುವುದು ಹೇಗೆ?

ಅಡ್ಮಿನ್: ಸಂಜೆ 4ರಿಂದ 6ರವರೆಗೆ ನಮ್ಮ ಡಯಟೀಷಿಯನ್ ಮೇಡಂ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ತುಮಕೂರಿನವರು: ಮೇಡಂ, ನಾನು 82 ಕೆಜಿ. ಮೂರು ತಿಂಗಳಿಗೆ ಮಗಳ ಮದುವೆ. 15 ಕೆಜಿ ಇಳಿಸಬಹುದಾ?

ಡಯಟೀಷಿಯನ್: ವಾರಕ್ಕೆ ಅರ್ಧ ಕೆಜಿ ಅಂತ ಇಟ್ಟುಕೊಳ್ಳಿ. ಮದುವೆ ಹೊತ್ತಿಗೆ 6 ಕೆಜಿ ಇಳಿದರೆ ಅದೇ ದೊಡ್ಡದು. ದಿನಕ್ಕೆ ಎಷ್ಟು ಕಾಫಿ?

ತುಮಕೂರಿನವರು: ನಾಲ್ಕು. ಎರಡೆರಡು ಚಮಚ ಸಕ್ಕರೆ.

ಡಯಟೀಷಿಯನ್: ಚಮಚಕ್ಕೆ 5 ಗ್ರಾಂ ಅಂದರೂ 40 ಗ್ರಾಂ ಆಯಿತು. ಲೋಟದಲ್ಲೇ 160 ಕ್ಯಾಲರಿ. ಮೊದಲು ಅದನ್ನು ಅರ್ಧ ಮಾಡಿ. ಊಟದ ವಿಷಯ ಆಮೇಲೆ.

ಹಾಸನದವರು: ಜೀರಿಗೆ ನೀರು ಕುಡಿದರೆ ಹೊಟ್ಟೆ ಕರಗುತ್ತಾ?

ಡಯಟೀಷಿಯನ್: ಇಲ್ಲ. ಬಾಯಾರಿಕೆ ಹೋಗುತ್ತೆ.

ಮಂಡ್ಯದವರು: ಅನ್ನ ಬಿಟ್ಟು ದಿನಕ್ಕೆ ನಾಲ್ಕು ಮುದ್ದೆ ತಿನ್ನುತ್ತಿದ್ದೇನೆ. ತೂಕ ಅಲ್ಲಾಡಿಲ್ಲ.

ಡಯಟೀಷಿಯನ್: ಹೇಗೆ ಅಲ್ಲಾಡುತ್ತೆ? 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲರಿ, ಅಷ್ಟೇ ರಾಗಿ ಹಿಟ್ಟಿಗೆ ಸುಮಾರು 320. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಅದಕ್ಕೋಸ್ಕರ ತಿನ್ನಿ. ಹೊತ್ತಿಗೆ ಒಂದೇ ಸಣ್ಣ ಮುದ್ದೆ, ಬಸ್ಸಾರಿನ ಸೊಪ್ಪು, ಕಾಳು ಧಾರಾಳವಾಗಿ ಹಾಕಿಕೊಳ್ಳಿ.

ಉಡುಪಿಯವರು: ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ ಉಂಡವರು ಯಾರೂ ದಪ್ಪ ಇರಲಿಲ್ಲ.

ಮಂಡ್ಯದವರು: ಗಂಜಿ ಜ್ವರ ಬಂದವರಿಗೆ ಸ್ವಾಮಿ.

ಉಡುಪಿಯವರು: ಅಗಿಯದೆ ನುಂಗುವವರಿಗೆ ರುಚಿ ಎಲ್ಲಿ ಗೊತ್ತಾಗಬೇಕು?

ಧಾರವಾಡದವರು: ಇಬ್ರೂ ಸುಮ್ಮನಿರ್ರಿ. ಜ್ವಾಳದ ರೊಟ್ಟಿ ತಿನ್ರಿ.

ಕೋಲಾರದವರು: ಮೇಡಂ, ಮಂಡಿ ನೋವಿದೆ. ವಾಕಿಂಗ್ ಮಾಡಬಹುದಾ?

ಶಿವಮೊಗ್ಗದವರು: ಅಮ್ಮನಿಗೆ 58. ಶುಗರ್ ಇದೆ, ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಾರೆ. ಯಾರೋ ಕಳಿಸಿದ ಮೆಸೇಜ್ ನೋಡಿ ರಾತ್ರಿ ಊಟ ಬಿಟ್ಟರು. ಮೂರು ವಾರದಲ್ಲಿ 74ರಿಂದ 69ಕ್ಕೆ ಬಂದಿದ್ದಾರೆ. ಎಲ್ಲರೂ ಹೊಗಳುತ್ತಿದ್ದಾರೆ. ಆದರೆ ಎರಡು ಸಲ ಬೆಳಗಿನ ಜಾವ ದಿಂಬು ಒದ್ದೆಯಾಗುವಷ್ಟು ಬೆವರಿ, ಕೈ ನಡುಗುತ್ತಾ ಎದ್ದರು. ಬೆಲ್ಲ ತಿಂದ ಮೇಲೆ ಸರಿಹೋಯಿತು. ಸುಸ್ತಿಗೆ ಏನು ಕೊಡಲಿ?

ಡಯಟೀಷಿಯನ್: ಇದು ಬರೀ ಸುಸ್ತಲ್ಲ ಅನ್ನಿಸುತ್ತೆ. ಶುಗರ್ ಇಳಿದಿರುವ ಲಕ್ಷಣ. ಆ ಮಾತ್ರೆ ದೇಹದ ಇನ್ಸುಲಿನ್ ಹೆಚ್ಚಿಸುತ್ತೆ. ಊಟ ಮಾಡಿದ್ದಾರೋ ಇಲ್ಲವೋ ಅಂತ ಅದು ಕಾಯುವುದಿಲ್ಲ. ಇವತ್ತಿನಿಂದಲೇ ರಾತ್ರಿ ಊಟ ಆಗಬೇಕು. ಮಾತ್ರೆ ಬರೆದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಊಟ ಬಿಟ್ಟಿದ್ದು, ತೂಕ ಇಳಿದಿದ್ದು, ಎರಡೂ ಹೇಳಿ. ಮಾತ್ರೆಯ ಪ್ರಮಾಣ ಅವರೇ ಬದಲಿಸಲಿ, ನೀವು ಕೈ ಹಾಕಬೇಡಿ. ಮತ್ತೆ ಬೆವರಿದರೆ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಮ್ಮಿ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೆಷಿನ್ ಇಲ್ಲದಿದ್ದರೆ ಕಾಯಬೇಡಿ, ಕುಡಿಸಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ. ಇನ್ನೊಂದು: ಮೂರು ವಾರಕ್ಕೆ 5 ಕೆಜಿ ಇಳಿದರೆ ಹೋಗುವುದು ಬರೀ ಕೊಬ್ಬಲ್ಲ, ನೀರು ಮತ್ತು ಮಾಂಸಖಂಡವೂ. ಹೊಗಳಬೇಡಿ ಅಂತ ಮನೆಯವರಿಗೆ ಹೇಳಿ.

ಬೆಂಗಳೂರಿನವರು: ಎಷ್ಟು ಜೋರಾಗಿ ನಡೆಯಬೇಕು?

ಡಯಟೀಷಿಯನ್: ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ 150 ನಿಮಿಷ.

ಮೈಸೂರಿನವರು: ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಜೀರಿಗೆ ನೀರು...

ಡಯಟೀಷಿಯನ್: ಮೇಲೆ ಓದಿ.

ಹಾಸನದವರು: ಮೇಡಂ, ಹಿರಿಯರು ಹೇಳಿದ್ದನ್ನು ಹಂಗಿಸಬೇಡಿ. ನಮ್ಮಜ್ಜಿ ಅದನ್ನೇ ಕುಡಿದು 90 ವರ್ಷ ಬಾಳಿದರು.

ಡಯಟೀಷಿಯನ್: ಅಜ್ಜಿ ದಿನವಿಡೀ ಗದ್ದೆಯಲ್ಲಿ ನಾಟಿ, ಕಳೆ ಅಂತ ಬಗ್ಗಿ ದುಡಿದಿರಬೇಕು ಸರ್. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಾಸನದವರು: ನಾಲ್ಕಕ್ಷರ ಕಲಿತರೆ ಹೀಗೇ.

ಧಾರವಾಡದವರು: ಅವರು ಪುಕ್ಕಟೆ ಹೇಳಾಕತ್ತಾರ, ನೀವು ಮ್ಯಾಲೆ ಬೈತೀರಲ್ಲ?

ಅಡ್ಮಿನ್: ವೈಯಕ್ತಿಕ ಮಾತು ಬೇಡ. ಇದು ಕೊನೇ ಎಚ್ಚರಿಕೆ.

ಕೋಲಾರದವರು: ಮಂಡಿ ನೋವಿನ ಪ್ರಶ್ನೆ ಕೇಳಿದ್ದೆ.

ಶಿವಮೊಗ್ಗದವರು: ಮೇಡಂ, ಅಮ್ಮ ಈಗ ಮತ್ತೆ ಬೆವರುತ್ತಿದ್ದಾರೆ. ಮಧ್ಯಾಹ್ನವೂ ಬರೀ ಸೌತೆಕಾಯಿ ತಿಂದಿದ್ದರಂತೆ. ಪಕ್ಕದ ಮನೆಯ ಮೆಷಿನ್ ತಂದು ನೋಡಿದೆವು, 61.

ಡಯಟೀಷಿಯನ್: ಸಕ್ಕರೆ ನೀರು, ಈಗಲೇ. ಟೈಪ್ ಮಾಡುತ್ತಾ ಕೂರಬೇಡಿ, ನನಗೆ ಫೋನ್ ಮಾಡಿ.

ಮೈಸೂರಿನವರು: ಜೇನುತುಪ್ಪ ಕೊಟ್ಟರೆ ಒಳ್ಳೆಯದಲ್ವಾ?

ಧಾರವಾಡದವರು: ಸ್ವಲ್ಪ ಸುಮ್ಮನಿರ್ರೀ.

ಶಿವಮೊಗ್ಗದವರು: ಈಗ 94. ಅನ್ನ ಸಾರು ಕಲಸಿ ಕೊಟ್ಟಿದ್ದೇನೆ. ಮಾತ್ರೆಯ ಪ್ರಭಾವಕ್ಕೆ ಮತ್ತೆ ಇಳಿಯಬಹುದು ಅಂದರು ಮೇಡಂ. ಉಂಡ ಕೂಡಲೇ ಆಸ್ಪತ್ರೆಗೆ ಹೊರಡುತ್ತೇವೆ.

ಅಡ್ಮಿನ್: ಸಮಯ ಆಯಿತು. ಮೇಡಂ ಇನ್ನೂ ಫೋನಿನಲ್ಲಿದ್ದಾರೆ. ಉಳಿದ ಪ್ರಶ್ನೆ ಮುಂದಿನ ಭಾನುವಾರ.

ಕೋಲಾರದವರು: ಮಂಡಿ?